ಫರ್ಡಿನಾಂಡ್ ಪೋರ್ಷೆ: ಹಳೇ ಹೈಬ್ರಿಡ್ ಕೊಳ್ಳುವ ಮುಂಚೆ ಓದಬೇಕಾದ ಬದುಕು

ಎಂಟನೇ ಸೆಮಿಸ್ಟರಿಗೆ ಬಂದು ಕೈಗೊಂದು ಆಫರ್ ಲೆಟರ್ ಸಿಕ್ಕಿತೆಂದರೆ, ನಮ್ಮ ಹಾಸ್ಟೆಲ್ಲಿನಲ್ಲಿ ಮಾತು ಎಲ್ಲಿಂದ ಶುರುವಾದರೂ ಕಾರಿಗೆ ಬಂದು ನಿಲ್ಲುತ್ತದೆ. ಹೊಸದು ಕೈಗೆಟುಕುವುದಿಲ್ಲ, ಹಾಗಾಗಿ ಸೆಕೆಂಡ್ ಹ್ಯಾಂಡ್. ಪೆಟ್ರೋಲ್ ದರ ನೋಡಿದರೆ ಹೆದರಿಕೆ. ಪೂರ್ತಿ ಎಲೆಕ್ಟ್ರಿಕ್ ತಗೊಂಡರೆ ಊರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಚಾರ್ಜ್ ಮುಗಿದು ನಿಂತುಬಿಟ್ಟರೆ ಅನ್ನೋ ಅನುಮಾನ. ಸರಿ, ಹೈಬ್ರಿಡ್ ನೋಡೋಣ ಅಂತಾರೆ. ಆಮೇಲೆ ಒಬ್ಬ ಮೈಲೇಜ್ ಎಷ್ಟು ಅಂತ ಕೇಳುತ್ತಾನೆ, ಇನ್ನೊಬ್ಬಳು ಸನ್‌ರೂಫ್ ಇದೆಯಾ ಅಂತ. ಮೂಲೆಯಲ್ಲಿ ಕೂತ ಇಇಇ ಬ್ರಾಂಚಿನವನೊಬ್ಬ ಮಾತ್ರ ಬ್ಯಾಟರಿ ಹೇಗಿದೆ ಅಂತ ಕೇಳುತ್ತಾನೆ. ಅವನು ಕೇಳಿದ್ದೇ ಸರಿಯಾದ ಪ್ರಶ್ನೆ.

ಈ ಪ್ರಶ್ನೆಗೆ 125 ವರ್ಷ ವಯಸ್ಸಾಗಿದೆ. ಅದರ ಜತೆ ಜೀವನವಿಡೀ ಗುದ್ದಾಡಿದ ಒಬ್ಬನ ಹೆಸರು ನಮಗೆಲ್ಲ ಗೊತ್ತು, ಆದರೆ ಬೇರೆ ಕಾರಣಕ್ಕೆ. ಹಾಸ್ಟೆಲ್ ಗೋಡೆಯ ಪೋಸ್ಟರಿನಲ್ಲಿ ಕೆಂಪು ಬಣ್ಣದ 911 ಕಾರಿನ ಕೆಳಗೆ ಬರೆದಿರುವ ಹೆಸರು ಅದು: ಪೋರ್ಷೆ. ತಮಾಷೆ ಅಂದರೆ ಆ 911 ಅನ್ನು ಅವನು ನೋಡಲೇ ಇಲ್ಲ. ಅದು ಹೊರಬಂದಿದ್ದು ಅವನು ತೀರಿಕೊಂಡು 12 ವರ್ಷವಾದ ಮೇಲೆ, ಅದರ ಆಕಾರ ರೂಪಿಸಿದ್ದು ಮೊಮ್ಮಗ. ಈ ಸಂಚಿಕೆಯಲ್ಲಿ ನಾವು ಹೇಳಹೊರಟಿರುವುದು ಅಜ್ಜನ ಕತೆ. ಇದರಲ್ಲಿ ಮೆಚ್ಚುವಂಥದ್ದೂ ಇದೆ, ನಾಚಿಕೆಪಡುವಂಥದ್ದೂ ಇದೆ. ಎರಡನ್ನೂ ಬಿಡದೆ ಹೇಳುತ್ತೇವೆ.

ಫರ್ಡಿನಾಂಡ್ ಪೋರ್ಷೆ ಹುಟ್ಟಿದ್ದು 1875ರ ಸೆಪ್ಟೆಂಬರ್ 3ರಂದು, ಬೊಹೀಮಿಯಾದ ಮಾಫರ್ಸ್‌ಡಾರ್ಫ್ ಎಂಬ ಊರಿನಲ್ಲಿ. ಆಗ ಅದು ಆಸ್ಟ್ರಿಯಾ-ಹಂಗರಿ ಸಾಮ್ರಾಜ್ಯಕ್ಕೆ ಸೇರಿತ್ತು, ಈಗ ಚೆಕ್ ದೇಶದ ಲಿಬೆರೆಟ್ಸ್ ನಗರದ ಒಂದು ಭಾಗ. ಅಪ್ಪ ಆಂಟನ್ ತಗಡಿನ ಕೆಲಸದವನು. ಹುಡುಗ ತನ್ನ ಹಾಗೇ ತಗಡು ಬಡಿಯುತ್ತಾ ಅಂಗಡಿ ನೋಡಿಕೊಳ್ಳಲಿ ಅನ್ನೋದು ಅವನ ಆಸೆ. ಹುಡುಗನಿಗೆ ಹಿಡಿದಿದ್ದು ಕರೆಂಟಿನ ಹುಚ್ಚು. ಊರಿನ ಗಿನ್ಸ್‌ಕೈ ಕಂಬಳಿ ಕಾರ್ಖಾನೆಯಲ್ಲಿ ವಿದ್ಯುತ್ ದೀಪ ಉರಿಯುತ್ತಿತ್ತು, ಅದನ್ನು ನೋಡಿ ಬಂದವನು ಮನೆಯಲ್ಲೇ ತಂತಿ, ಬ್ಯಾಟರಿ ಹರಡಿಕೊಂಡು ಕೂತ. ಹಗಲು ಅಪ್ಪನ ಅಂಗಡಿ, ಸಂಜೆ ಪಕ್ಕದ ರೈಶನ್‌ಬರ್ಗಿನ ತಾಂತ್ರಿಕ ಶಾಲೆಯಲ್ಲಿ ಪಾಠ. ಇನ್ನೂ 20 ತುಂಬುವ ಮುಂಚೆಯೇ ಅಪ್ಪನ ಮನೆಗೆ ವಿದ್ಯುತ್ ದೀಪ ಹಾಕಿಕೊಟ್ಟ.

18ರ ವಯಸ್ಸಿನಲ್ಲಿ ವಿಯೆನ್ನಾಕ್ಕೆ ಹೋಗಿ ಬೇಲಾ ಎಗ್ಗರ್ ಎಂಬ ವಿದ್ಯುತ್ ಕಂಪನಿ ಸೇರಿದ. ಅಲ್ಲಿನ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರುವ ಅರ್ಹತೆಯಾಗಲಿ ದುಡ್ಡಾಗಲಿ ಇರಲಿಲ್ಲ. ಹಾಗಂತ ಸುಮ್ಮನೆ ಕೂರದೆ ಬಿಡುವಾದಾಗ ಕ್ಲಾಸಿನ ಒಳಗೆ ನುಸುಳಿ ಹಿಂದಿನ ಬೆಂಚಿನಲ್ಲಿ ಕೂತು ಪಾಠ ಕೇಳುತ್ತಿದ್ದನಂತೆ. ನಾವು ಹಾಜರಿ ಸಿಕ್ಕಿದ ಕೂಡಲೇ ಹಿಂಬಾಗಿಲಿನಿಂದ ಹೊರಗೆ ಜಾರುತ್ತೇವೆ, ಇವನು ಒಳಗೆ ಜಾರುತ್ತಿದ್ದ. ಎಂಜಿನಿಯರಿಂಗ್ ಪದವಿ ಅಂತ ಅವನು ಓದಿ ಪಡೆದಿದ್ದು ಒಂದೂ ಇಲ್ಲ. ಮುಂದೆ ಹೆಸರಿನ ಹಿಂದೆ ಸೇರಿದ ಡಾಕ್ಟರೇಟ್ ಗೌರವಕ್ಕೆ ಬಂದದ್ದು, ಅದರಲ್ಲೊಂದನ್ನು 1917ರಲ್ಲಿ ಕೊಟ್ಟಿದ್ದು ಅದೇ ವಿಯೆನ್ನಾ ವಿಶ್ವವಿದ್ಯಾಲಯ.

ಎಗ್ಗರ್ ಕಂಪನಿಯ ಗಿರಾಕಿಗಳಲ್ಲಿ ಯಾಕೋಬ್ ಲೋನರ್ ಅನ್ನೋ ಸಂಸ್ಥೆಯೂ ಒಂದು. ಅರಸು ಮನೆತನಗಳಿಗೆ ಸಾರೋಟು ಮಾಡಿಕೊಡುತ್ತಿದ್ದವರು. ಕುದುರೆಯ ಕಾಲ ಮುಗಿಯುತ್ತಿದೆ ಅಂತ ಆ ಸಾರೋಟಿನ ಮಾಲೀಕ ಲುಡ್ವಿಗ್ ಲೋನರನಿಗೆ ಅರ್ಥವಾಗಿತ್ತು. ಆದರೆ ಆಗಿನ ಪೆಟ್ರೋಲ್ ಕಾರು ಹೊಗೆ, ವಾಸನೆ, ಗದ್ದಲ. ಮುಂದೆ ನಿಂತು ಹ್ಯಾಂಡಲ್ ತಿರುಗಿಸಿ ಸ್ಟಾರ್ಟ್ ಮಾಡಬೇಕು, ಅದು ತಿರುಗಿ ಒದ್ದರೆ ಕೈ ಮುರಿಯಬಹುದು. ವಿದ್ಯುತ್ ಕಾರಿಗೆ ಈ ಯಾವ ರಗಳೆಯೂ ಇರಲಿಲ್ಲ. ಪೋರ್ಷೆ ಲೋನರ್ ಸಂಸ್ಥೆಗೆ ಬಂದು ಸೇರಿಕೊಂಡ, ಅಲ್ಲಿ ಅವನಿಗೆ ಕೈ ಬಿಚ್ಚಿ ಕೆಲಸ ಮಾಡುವ ಅವಕಾಶ ಸಿಕ್ಕಿತು.

ಅವನು ಮಾಡಿದ್ದು ಹೀಗೆ. ಮೋಟರನ್ನು ಕಾರಿನ ಹೊಟ್ಟೆಯಲ್ಲಿಟ್ಟು ಚೈನು, ಗಿಯರುಗಳ ಮೂಲಕ ಚಕ್ರ ತಿರುಗಿಸುವ ಬದಲು ಮೋಟರನ್ನೇ ಚಕ್ರದ ಗುಂಬದೊಳಗೆ ಕೂರಿಸಿದ. ಮಧ್ಯೆ ಏನೂ ಇಲ್ಲ. ಘರ್ಷಣೆಯಲ್ಲಿ ಕಳೆದುಹೋಗುವ ಶಕ್ತಿ ಉಳಿಯಿತು. 1900ರ ಪ್ಯಾರಿಸ್ ವಿಶ್ವ ಮೇಳದಲ್ಲಿ ಲೋನರ್-ಪೋರ್ಷೆ ಕಾರು ಪ್ರದರ್ಶನಕ್ಕೆ ಬಂದಾಗ ಅದನ್ನು ಮಾಡಿದವನಿಗೆ 24 ವರ್ಷ. ನಮ್ಮ ಎಂ.ಟೆಕ್ ಸೀನಿಯರುಗಳ ವಯಸ್ಸು!

ಸಮಸ್ಯೆ ಇದ್ದಿದ್ದು ಸೀಟಿನ ಕೆಳಗೆ. ಸೀಸ-ಆಮ್ಲದ 44 ಕೋಶಗಳ ಬ್ಯಾಟರಿ, ತೂಕ 410 ಕಿಲೋ. ಅಷ್ಟು ಹೊತ್ತುಕೊಂಡು ಕಾರು ಓಡುತ್ತಿದ್ದುದು ಸುಮಾರು 50 ಕಿಲೋಮೀಟರು, ಆಮೇಲೆ ಚಾರ್ಜಿಗೆ ನಿಲ್ಲಬೇಕು. ಅದೇ ವರ್ಷ ಇಂಗ್ಲೆಂಡಿನ ಒಬ್ಬ ಶ್ರೀಮಂತ ನಾಲ್ಕೂ ಚಕ್ರದಲ್ಲಿ ಮೋಟರಿರುವ ಕಾರು ಬೇಕೆಂದು ಹಟ ಹಿಡಿದ. ಪೋರ್ಷೆ ಮಾಡಿಕೊಟ್ಟ, ಅದರ ಬ್ಯಾಟರಿಯೊಂದೇ 1800 ಕಿಲೋ ತೂಗಿತು. ಅಂದರೆ ಕಾರಿನ ಮುಖ್ಯ ಪ್ರಯಾಣಿಕ ಬ್ಯಾಟರಿಯೇ, ಜನ ಲಗೇಜು! ದೂರ ಹೋಗಬೇಕಾದರೆ ದೊಡ್ಡ ಬ್ಯಾಟರಿ ಬೇಕು, ದೊಡ್ಡ ಬ್ಯಾಟರಿ ಹೊರಲು ಹೆಚ್ಚು ಶಕ್ತಿ ಬೇಕು, ಹೆಚ್ಚು ಶಕ್ತಿಗೆ ಮತ್ತೂ ದೊಡ್ಡ ಬ್ಯಾಟರಿ. ಈ ಸುಳಿಯಿಂದ ಹೊರಬರುವ ದಾರಿ ಹುಡುಕಿದಾಗ ಅವನಿಗೆ ಹೊಳೆದದ್ದೇ ಹೈಬ್ರಿಡ್.

ಬ್ಯಾಟರಿಯನ್ನು ಚಿಕ್ಕದು ಮಾಡಿ, ಕಾರಿನ ನಡುವೆ ತಲಾ 2.5 ಅಶ್ವಶಕ್ತಿಯ ಎರಡು ಚಿಕ್ಕ ದ ದಿಯಾನ್ ಬೂಟನ್ ಪೆಟ್ರೋಲ್ ಎಂಜಿನ್ ಇಟ್ಟ. ಎರಡಕ್ಕೂ ಒಂದೊಂದು ಡೈನಮೋ. ಎಂಜಿನ್ನಿಗೂ ಚಕ್ರಕ್ಕೂ ನೇರ ಸಂಬಂಧವೇ ಇಲ್ಲ. ಎಂಜಿನ್ ಡೈನಮೋ ತಿರುಗಿಸುತ್ತದೆ, ಡೈನಮೋದ ಕರೆಂಟು ಚಕ್ರದ ಮೋಟರಿಗೆ ಹೋಗುತ್ತದೆ, ಮಿಕ್ಕಿದ್ದು ಬ್ಯಾಟರಿಗೆ. ಓಡುವ ದೂರ ಸುಮಾರು 200 ಕಿಲೋಮೀಟರಿಗೆ ಏರಿತು. ಈ ಕಾರಿಗೆ ಸೆಂಪರ್ ವೀವಸ್ ಅಂತ ಲ್ಯಾಟಿನ್ ಹೆಸರು, ಸದಾ ಜೀವಂತ ಅಂತ ಅರ್ಥ. ಬ್ಯಾಟರಿ ಖಾಲಿಯಾಗಿ ದಾರಿಯಲ್ಲಿ ಸಾಯುವುದಿಲ್ಲ ಅನ್ನೋ ಭರವಸೆ ಹೆಸರಿನಲ್ಲೇ ಇತ್ತು. ಓಡುವ ಸ್ಥಿತಿಯಲ್ಲಿದ್ದ ಮೊದಲ ಹೈಬ್ರಿಡ್ ಕಾರು ಎಂದು ಸಾಮಾನ್ಯವಾಗಿ ಇದನ್ನೇ ಹೇಳುತ್ತಾರೆ.

ಇವತ್ತಿನ ಹೋಂಡಾ ಸಿಟಿ ಹೈಬ್ರಿಡ್ ಓಡಿಸಿದವರಿಗೆ ಇದು ಎಲ್ಲೋ ನೋಡಿದ ಹಾಗಿದೆಯಲ್ಲ ಅನಿಸಬೇಕು. ಊರೊಳಗೆ ಓಡುವಾಗ ಅದರಲ್ಲೂ ಎಂಜಿನ್ ಜನರೇಟರ್ ತಿರುಗಿಸುತ್ತದೆ, ಚಕ್ರ ತಿರುಗಿಸುವುದು ಮೋಟರ್. ಹೆದ್ದಾರಿ ವೇಗದಲ್ಲಿ ಮಾತ್ರ ಕ್ಲಚ್ ಹಿಡಿದು ಎಂಜಿನ್ನೇ ನೇರ ಎಳೆಯುತ್ತದೆ. ನಮ್ಮ ಬಿಡದಿಯಲ್ಲಿ ತಯಾರಾಗುವ ಟೊಯೋಟಾ ಹೈಬ್ರಿಡ್‌ಗಳಲ್ಲಿ ಎಂಜಿನ್ ಮತ್ತು ಮೋಟರುಗಳ ಶಕ್ತಿಯನ್ನು ಒಂದು ಗ್ರಹಗತಿ ಗಿಯರು ಹಂಚಿ ಕೂಡಿಸುತ್ತದೆ, ದಾರಿ ಸ್ವಲ್ಪ ಬೇರೆ. ಆದರೆ ಎಂಜಿನ್, ಜನರೇಟರ್, ಬ್ಯಾಟರಿ, ಮೋಟರ್ ಎಂಬ ನಾಲ್ಕು ಜನರ ಸಂಸಾರ ಅದೇ. ಹಳೇ ಹೈಬ್ರಿಡ್ ನೋಡಲು ಹೋದಾಗ ಪರೀಕ್ಷಿಸಬೇಕಾದ್ದು ಈ ಸಂಸಾರ ಹೊಂದಿಕೊಂಡಿದೆಯಾ ಅನ್ನೋದನ್ನು. ಪೋರ್ಷೆಯ ಕತೆಯನ್ನು ಇಲ್ಲಿ ಕೊಂಚ ನಿಲ್ಲಿಸಿ ಅದನ್ನೇ ಹೇಳಿಬಿಡುತ್ತೇವೆ, ಬಹಳ ಜನ ಕೇಳಿದ್ದಾರೆ.

ಮೊದಲು, ಮಾರುವವರು ಹೈಬ್ರಿಡ್ ಅಂದ ಮಾತ್ರಕ್ಕೆ ನಂಬಬೇಡಿ. ಹಿಂದೆ ಬ್ಯಾಡ್ಜ್ ಇದ್ದರೂ ಎಷ್ಟೋ ಕಾರುಗಳು ಮೈಲ್ಡ್ ಹೈಬ್ರಿಡ್ ಮಾತ್ರ. ಅದರಲ್ಲಿ ಚಿಕ್ಕ ಮೋಟರು ಎಂಜಿನ್ನಿಗೆ ಕೈಜೋಡಿಸುತ್ತದೆ ಅಷ್ಟೆ, ಬರೀ ಕರೆಂಟಿನಲ್ಲಿ ಕಾರು ಓಡುವುದಿಲ್ಲ. ಸ್ಟ್ರಾಂಗ್ ಹೈಬ್ರಿಡ್ ಬೆಲೆ ಕೊಟ್ಟು ಮೈಲ್ಡ್ ತಂದರೆ ಮನೆಯಲ್ಲಿ ಮಾತು ಕೇಳಬೇಕಾಗುತ್ತದೆ. ಎರಡನೆಯದಾಗಿ, ನೀವು ಬರುವ ಮುಂಚೆ ಗಾಡಿ ಸ್ಟಾರ್ಟ್ ಮಾಡಬೇಡಿ ಅಂತ ಫೋನಿನಲ್ಲೇ ಹೇಳಿ. ಎಂಜಿನ್ ತಣ್ಣಗಿದ್ದಾಗ ಏಳುವ ರೀತಿ, ಅಲುಗಾಟ, ಹೊಗೆ ಇವೆಲ್ಲ ಬಿಸಿಯಾದ ಮೇಲೆ ಮುಚ್ಚಿಹೋಗುತ್ತವೆ.

ಇನ್ನು ಬ್ಯಾಟರಿ. ಬೇಸಿಕ್ ಎಲೆಕ್ಟ್ರಿಕಲ್ ಪಾಠ ನೆನಪಿಸಿಕೊಳ್ಳಿ: ಕೋಶಗಳು ಸರಣಿಯಲ್ಲಿವೆ, ಎಲ್ಲದರಲ್ಲೂ ಹರಿಯುವುದು ಒಂದೇ ಕರೆಂಟು. ನೂರರಲ್ಲಿ ಒಂದು ಕೋಶ ಸೋತರೂ ಇಡೀ ಸಾಲು ಅದರ ವೇಗಕ್ಕೇ ನಡೆಯಬೇಕು. ಅದಕ್ಕೇ ಒಟ್ಟು ವೋಲ್ಟೇಜ್ ನೋಡಿ ಸಮಾಧಾನಪಡಬಾರದು. ಒಬಿಡಿ ಸ್ಕ್ಯಾನರ್ ಸಿಕ್ಕಿಸಿ, ಆ ಕಾರಿಗೆ ಹೊಂದುವ ಆ್ಯಪ್‌ನಲ್ಲಿ ಒಂದೊಂದು ಬ್ಲಾಕಿನ ವೋಲ್ಟೇಜನ್ನೂ ನೋಡಬೇಕು. ಅದೂ ನಿಂತಿದ್ದಾಗ ಅಲ್ಲ. ನಿಂತಾಗ ಎಲ್ಲವೂ ಸಮನಾಗಿಯೇ ಕಾಣುತ್ತವೆ, ಪರೀಕ್ಷೆ ಹಿಂದಿನ ದಿನ ಎಲ್ಲರೂ ಓದಿದವರ ಹಾಗೆ ಕಾಣುವಂತೆ. ಒಬ್ಬರು ಓಡಿಸಿ, ಇನ್ನೊಬ್ಬರು ಪಕ್ಕದಲ್ಲಿ ಕೂತು ನೋಡಿ. ಜೋರಾಗಿ ಆ್ಯಕ್ಸಿಲರೇಟರ್ ಒತ್ತಿದಾಗ ಯಾವುದೋ ಒಂದು ಬ್ಲಾಕ್ ಮಾತ್ರ ಉಳಿದವಕ್ಕಿಂತ ಧಡಕ್ಕನೆ ಇಳಿದರೆ, ಬ್ರೇಕ್ ಹಾಕಿದಾಗ ಅದೇ ಮಿಕ್ಕವಕ್ಕಿಂತ ಮೇಲೇರಿದರೆ, ರೋಗಿ ಸಿಕ್ಕಿದ ಅಂತಲೇ. ಸ್ಕ್ಯಾನರ್ ಇಲ್ಲದಿದ್ದರೂ ಡ್ಯಾಶ್‌ಬೋರ್ಡಿನ ಚಾರ್ಜ್ ಪಟ್ಟಿಯ ಮೇಲೆ ಕಣ್ಣಿಡಿ. ಒಂದು ಚಿಕ್ಕ ಏರಿಗೆ ಅದು ತುದಿಯಿಂದ ಬುಡಕ್ಕೆ ಬಿದ್ದು, ಇಳಿಜಾರಿನಲ್ಲಿ ಎರಡೇ ನಿಮಿಷಕ್ಕೆ ತುಂಬಿಕೊಂಡರೆ ಬ್ಯಾಟರಿಯ ಸಾಮರ್ಥ್ಯ ಕುಗ್ಗಿದೆ. ಬೇಗ ಚಾರ್ಜ್ ಆಗುತ್ತೆ ನೋಡಿ ಅಂತ ಮಾರುವವರು ಅದನ್ನೇ ಹೆಗ್ಗಳಿಕೆಯಾಗಿ ಹೇಳಿಯಾರು!

ಮಾರುವ ಹಿಂದಿನ ದಿನ ಸ್ಕ್ಯಾನರ್‌ನಲ್ಲಿ ದೋಷದ ಕೋಡ್‌ಗಳನ್ನು ಅಳಿಸಿಬಿಡುವ ಚಾಳಿಯೂ ಇದೆ. ಪಿ0ಎ80 ಅನ್ನೋ ಕೋಡ್ ಬಂದರೆ ಹೈಬ್ರಿಡ್ ಬ್ಯಾಟರಿ ಬದಲಿಸುವ ಹೊತ್ತಾಯಿತು ಅಂತ ಅರ್ಥ, ಅದನ್ನು ಯಾರು ಉಳಿಸಿಕೊಂಡು ಮಾರುತ್ತಾರೆ? ಆದರೆ ಅಳಿಸಿದರೆ ಜತೆಗೆ ರೆಡಿನೆಸ್ ಮಾನಿಟರ್‌ಗಳೂ ಅಳಿಸಿಹೋಗುತ್ತವೆ. ದಿನಾ ಓಡುವ ಕಾರಿನಲ್ಲಿ ಅವು ಅಪೂರ್ಣ ಅಂತ ತೋರಿಸಿದರೆ, ಯಾಕೆ ಅಂತ ಕೇಳಿ. ಟೊಯೋಟಾದಂಥ ಕಾರುಗಳಲ್ಲಿ ಹಿಂದಿನ ಸೀಟಿನ ಬಳಿ ಬ್ಯಾಟರಿಗೆ ಗಾಳಿ ಎಳೆಯುವ ಜಾಲರಿ ಇರುತ್ತದೆ. ಅಲ್ಲಿ ಧೂಳು, ನಾಯಿ ಕೂದಲು ಮೆತ್ತಿಕೊಂಡಿದ್ದರೆ ಬ್ಯಾಟರಿ ವರ್ಷಗಟ್ಟಲೆ ಸೆಕೆಯಲ್ಲಿ ಬೆಂದಿದೆ ಅಂತ. ಇನ್ವರ್ಟರಿನ ಕೂಲಂಟ್ ಮಟ್ಟ ಬೇರೆಯೇ ಡಬ್ಬಿಯಲ್ಲಿರುತ್ತದೆ, ಅದನ್ನೂ ಬಗ್ಗಿ ನೋಡಿ. ಬ್ರೇಕ್ ಪ್ಯಾಡ್ ಹೊಸದರಂತಿದೆ ಅಂತ ಖುಷಿಪಡುವುದೇನೂ ಬೇಡ, ಅರ್ಧ ಬ್ರೇಕು ಮೋಟರೇ ಹಿಡಿಯುವುದರಿಂದ ಪ್ಯಾಡ್ ಸವೆಯುವುದು ಕಮ್ಮಿ. ಡಿಸ್ಕಿಗೆ ತುಕ್ಕು ಹಿಡಿದಿದೆಯಾ ನೋಡಿ. ಹೆಚ್ಚು ಓಡದ ಕಾರೂ ಒಳ್ಳೆಯದೇ ಅಂತ ಹೇಳಲಾಗದು, ತಿಂಗಳುಗಟ್ಟಲೆ ನಿಂತ ಬ್ಯಾಟರಿ ಓಡಿದ್ದಕ್ಕಿಂತ ಕೆಟ್ಟದಾಗಿರಬಹುದು.

2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರ ವರ್ತುಲ ರಸ್ತೆ, ಬೆಳ್ಳಂದೂರಿನ ಕಡೆ ನೆಲಮಾಳಿಗೆಗಳಲ್ಲಿ ಕಾರುಗಳು ಮುಳುಗಿದ್ದು ನೆನಪಿದೆಯಲ್ಲ? ನೀರು ಕುಡಿದ ಹೈಬ್ರಿಡ್ ಬೇಡವೇ ಬೇಡ. ನೆಲದ ಕಾರ್ಪೆಟ್ ಎತ್ತಿ ವಾಸನೆ ನೋಡಿ, ಸೀಟಿನ ಹಳಿಗಳ ತುಕ್ಕು ನೋಡಿ, ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಅದರ ತುದಿಯಲ್ಲಿ ಕೆಸರಿನ ಗೆರೆ ಇದೆಯಾ ನೋಡಿ. ಆದರೆ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮಾತ್ರ ಮುಟ್ಟಬೇಡಿ. ಅದರಲ್ಲಿ ಪ್ರಾಣ ತೆಗೆಯುವಷ್ಟು ವೋಲ್ಟೇಜ್ ಇರುತ್ತದೆ, ನಾವೂ ಎಂಜಿನಿಯರುಗಳೇ ಅನ್ನೋ ಧೈರ್ಯ ಅಲ್ಲಿ ಬೇಡ. ಕೊನೆಗೆ ಕಾಗದ: ನಮ್ಮಲ್ಲಿನ ಹಲವು ಸ್ಟ್ರಾಂಗ್ ಹೈಬ್ರಿಡ್‌ಗಳ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್ ವಾರಂಟಿ ಇದೆ. ಎಷ್ಟು ಉಳಿದಿದೆ, ಎರಡನೇ ಮಾಲೀಕರಿಗೆ ಅದು ಬರುತ್ತದಾ, ಸರ್ವಿಸ್ ತಪ್ಪಿದ್ದಕ್ಕೆ ರದ್ದಾಗಿದೆಯಾ ಅಂತ ಶೋರೂಮಿನಲ್ಲೇ ಕೇಳಿ ತಿಳಿದುಕೊಳ್ಳಿ. ಆರ್‌ಸಿ ಮೇಲೆ ಸಾಲ ಇದ್ದರೆ ಬ್ಯಾಂಕಿನ ಎನ್‌ಒಸಿ ಬರದೆ ದುಡ್ಡು ಕೊಡಬೇಡಿ.

ಮತ್ತೆ ವಿಯೆನ್ನಾಕ್ಕೆ ಹೋಗೋಣ. ಸೆಂಪರ್ ವೀವಸ್ ಬರೀ ಮಾದರಿ. ಮಾರಾಟಕ್ಕೆಂದು 1901ರಲ್ಲಿ ಬಂದ ಕಾರಿನ ಹೆಸರು ಮಿಕ್ಸ್ಟೆ. ಇದರಲ್ಲಿ ಮುಂದೆ 25 ಅಶ್ವಶಕ್ತಿಯ ಡೈಮ್ಲರ್ ಎಂಜಿನ್, ಸೀಟಿನ ಕೆಳಗೆ ಡೈನಮೋ, ಬ್ಯಾಟರಿ ಇನ್ನೂ ಚಿಕ್ಕದು. ಪೋರ್ಷೆ ತಾನೇ ಓಡಿಸಿ 1902ರಲ್ಲಿ ಎಕ್ಸೆಲ್‌ಬರ್ಗ್ ಬೆಟ್ಟದ ಸ್ಪರ್ಧೆ ಗೆದ್ದ. ಅದೇ ವರ್ಷ ಸೇನಾ ಕವಾಯತಿನಲ್ಲಿ ಯುವರಾಜ ಫ್ರಾಂಜ್ ಫರ್ಡಿನಾಂಡನನ್ನು ಕೂರಿಸಿಕೊಂಡು ಕಾರು ಓಡಿಸಿದ. ಹೌದು, ಮುಂದೆ 1914ರಲ್ಲಿ ಸಾರಾಯೆವೋದಲ್ಲಿ ಗುಂಡಿಗೆ ಬಲಿಯಾದ ಅದೇ ಯುವರಾಜ, ಆ ದಿನದ ಕಾರು ಮಾತ್ರ ಬೇರೆ ಕಂಪನಿಯದು.

ಗೆದ್ದರೂ ಹೊಗಳಿಸಿಕೊಂಡರೂ ಮಿಕ್ಸ್ಟೆ ಹೆಚ್ಚು ಮಾರಾಟವಾಗಲಿಲ್ಲ. ಒಂದು ಕಾರಿಗೆ ಎಂಜಿನ್ನೂ ಬೇಕು, ಡೈನಮೋವೂ ಬೇಕು, ಮೋಟರೂ ಬೇಕು ಅಂದರೆ ಬೆಲೆ ಏರದೆ ಇನ್ನೇನು? ಚಕ್ರದೊಳಗೆ ಮೋಟರಿದ್ದರೆ ಚಕ್ರ ಭಾರ, ಆಗಿನ ಕಲ್ಲು ರಸ್ತೆಯ ಒಂದೊಂದು ಹೊಡೆತವೂ ನೇರ ಮೋಟರಿಗೇ. ರಿಪೇರಿಗೆ ಪೆಟ್ರೋಲ್ ಮೆಕ್ಯಾನಿಕ್ ಸಾಲದು, ಕರೆಂಟ್ ಗೊತ್ತಿರುವವನೂ ಬೇಕು. ಅಷ್ಟರಲ್ಲಿ ಬರೀ ಪೆಟ್ರೋಲ್ ಕಾರುಗಳು ಸುಧಾರಿಸಿ ಅಗ್ಗವಾದವು. 1906ರಲ್ಲಿ ಪೋರ್ಷೆ ಲೋನರ್ ಬಿಟ್ಟು ವೀನರ್ ನಾಯ್‌ಸ್ಟಾಟ್‌ನ ಆಸ್ಟ್ರೋ-ಡೈಮ್ಲರ್‌ಗೆ ಮುಖ್ಯ ವಿನ್ಯಾಸಕನಾಗಿ ಹೋದ. 1903ರಲ್ಲಿ ಮದುವೆಯಾಗಿತ್ತು, ಮಗಳು ಲೂಯಿಸ್, ಆಮೇಲೆ 1909ರಲ್ಲಿ ಮಗ ಫೆರಿ ಹುಟ್ಟಿದ. 1910ರ ಪ್ರಿನ್ಸ್ ಹೆನ್ರಿ ಸ್ಪರ್ಧೆಯಲ್ಲಿ ಅವನ ಕಾರುಗಳಿಗೇ ಮೊದಲ ಮೂರು ಸ್ಥಾನ, ಒಂದನ್ನು ಓಡಿಸಿದವನು ಅವನೇ.

ಕೊಳ್ಳುವವರಿಲ್ಲ ಅಂತ ಅವನು ಹೈಬ್ರಿಡ್ ವಿಚಾರವನ್ನು ಮೂಲೆಗಿಡಲಿಲ್ಲ. ಬೆಲೆ, ತೂಕ ಯಾವುದನ್ನೂ ಲೆಕ್ಕಿಸದ ಗಿರಾಕಿಯೊಬ್ಬ ಸಿಕ್ಕಿದ: ಸೈನ್ಯ. ಮೊದಲನೇ ಮಹಾಯುದ್ಧದಲ್ಲಿ ಸ್ಕೋಡಾ ಕಂಪನಿಯ ದೈತ್ಯ ಫಿರಂಗಿಗಳನ್ನು ಸಾಗಿಸಬೇಕಿತ್ತು. ಪೋರ್ಷೆ ಮಾಡಿದ ಸಿ-ಸೂಗ್ ಎಂಬ ವಾಹನದಲ್ಲಿ ಮುಂದಿನ ಗಾಡಿಯಲ್ಲಿ 150 ಅಶ್ವಶಕ್ತಿಯ ಎಂಜಿನ್ ಮತ್ತು ಡೈನಮೋ, ಅಲ್ಲಿಂದ ಕೇಬಲ್ ಹಿಂದಿನ ಟ್ರೇಲರಿಗೆ, ಟ್ರೇಲರಿನ ಚಕ್ರಗಳಲ್ಲೇ ಮೋಟರು. ಚಕ್ರ ಬದಲಿಸಿದರೆ ರೈಲು ಹಳಿಯ ಮೇಲೂ ಓಡುತ್ತಿತ್ತು. ಎಂಜಿನಿಯರಿಂಗ್ ಆಗಿ ನೋಡಿದರೆ ಬೆರಗಾಗುವಂಥದ್ದು. ನಮ್ಮ ಡೀಸೆಲ್ ರೈಲು ಎಂಜಿನ್ನುಗಳೂ ಇದೇ ತತ್ವದವು, ಡೀಸೆಲ್ ಎಂಜಿನ್ ಕರೆಂಟು ಹುಟ್ಟಿಸುತ್ತದೆ, ಎಳೆಯುವುದು ಮೋಟರು. ಸಿ-ಸೂಗ್ ಹೊತ್ತೊಯ್ದದ್ದು ಮಾತ್ರ ಕೋಟೆ, ಊರುಗಳನ್ನು ಪುಡಿಮಾಡುವ ಫಿರಂಗಿ. ಅವನ ಬದುಕಿನ ಮುಂದಿನ ದಾರಿ ಇಲ್ಲೇ ಶುರುವಾಯಿತು ಅಂತ ನಮಗನಿಸುತ್ತದೆ.

ಯುದ್ಧ ಮುಗಿದ ಮೇಲಿನ ಹತ್ತು ವರ್ಷವನ್ನು ಬೇಗ ದಾಟುತ್ತೇವೆ. ಆಸ್ಟ್ರೋ-ಡೈಮ್ಲರ್‌ನಲ್ಲಿ ಜಗಳವಾಡಿ 1923ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟಿಗೆ, ಅಲ್ಲಿ ಡೈಮ್ಲರ್‌ನಲ್ಲಿ ಮರ್ಸಿಡಿಸ್ ರೇಸ್ ಕಾರುಗಳನ್ನು ಮಾಡಿ, ಅಲ್ಲೂ ಜಗಳವಾಡಿ ಆಸ್ಟ್ರಿಯಾದ ಸ್ಟೈರ್ ಕಂಪನಿಗೆ. ಕೋಪಿಷ್ಠ, ಹಟಮಾರಿ, ಖರ್ಚಿನ ಲೆಕ್ಕ ಕೇಳಿದರೆ ಆಗದವನು. 1931ರ ಏಪ್ರಿಲ್‌ನಲ್ಲಿ, 55ರ ವಯಸ್ಸಿನಲ್ಲಿ, ಸ್ಟುಟ್‌ಗಾರ್ಟಿನಲ್ಲಿ ಸ್ವಂತ ವಿನ್ಯಾಸ ಕಚೇರಿ ತೆರೆದ. ಅಳಿಯ ಆಂಟನ್ ಪೀಯೆಖ್ ಮತ್ತು ರೇಸ್ ಚಾಲಕ ಅಡಾಲ್ಫ್ ರೋಸನ್‌ಬರ್ಗರ್ ಪಾಲುದಾರರು. ಕಷ್ಟಕಾಲದಲ್ಲಿ ಕಂಪನಿಗೆ ದುಡ್ಡು ಹಾಕಿದವನು ಈ ರೋಸನ್‌ಬರ್ಗರ್. ಅವನು ಯಹೂದಿ. ನಾಝಿಗಳು ಬಂದ ಮೇಲೆ 1935ರಲ್ಲಿ ಅವನ ಪಾಲನ್ನು ಕಂಪನಿಯ ನಿಜ ಬೆಲೆಗಿಂತ ಬಹಳ ಕಡಿಮೆಗೆ ಬಿಡಿಸಿಕೊಂಡರು. ಅದೇ ವರ್ಷ ಅವನನ್ನು ಬಂಧಿಸಿ ಶಿಬಿರಕ್ಕೆ ಹಾಕಿದರು, ಬಿಡುಗಡೆಯಾದ ಮೇಲೆ ದೇಶ ಬಿಟ್ಟು ಹೋದ. ಆ ಕಂಪನಿಯ ಹೆಸರಿನಲ್ಲಿ ಇವತ್ತು ಪೋರ್ಷೆ ಒಂದೇ ಇದೆ.

ಜನಸಾಮಾನ್ಯರಿಗೆ ಚಿಕ್ಕ ಕಾರು ಮಾಡಬೇಕು ಅನ್ನೋದು ಪೋರ್ಷೆಗೆ ಬಹಳ ಹಿಂದಿನಿಂದ ಇದ್ದ ಆಸೆ. ಕಂಪನಿಗಳು ಕೈಯೆತ್ತಿದ್ದವು. ಹಿಟ್ಲರ್ ಕೈಯೆತ್ತಲಿಲ್ಲ. 1934ರಲ್ಲಿ ಒಪ್ಪಂದವಾಯಿತು, ಬೆಲೆ 1000 ಮಾರ್ಕಿನೊಳಗೆ ಇರಬೇಕು ಅನ್ನೋದು ಷರತ್ತು. ನಾವೆಲ್ಲ ಬೀಟಲ್ ಅಂತ ಕರೆಯುವ ಕಾರು ಅದು. 1938ರಲ್ಲಿ ಈಗಿನ ವೂಲ್ಫ್ಸ್‌ಬರ್ಗ್‌ನಲ್ಲಿ ಕಾರ್ಖಾನೆಗೆ ಅಡಿಗಲ್ಲು ಬಿತ್ತು. ವಾರಕ್ಕೆ ಕನಿಷ್ಠ 5 ಮಾರ್ಕಿನ ಸ್ಟಾಂಪು ಅಂಟಿಸುತ್ತಾ ಹೋಗಿ, ಪುಸ್ತಕ ತುಂಬಿದಾಗ 990 ಮಾರ್ಕಿಗೆ ಕಾರು ಅಂತ ಸರ್ಕಾರ ಹೇಳಿತು. 3,30,000ಕ್ಕೂ ಹೆಚ್ಚು ಜನ ದುಡ್ಡು ಕಟ್ಟಿದರು. ನಮ್ಮಲ್ಲಿ ಚೀಟಿ ಕಟ್ಟುವವರಿಗೆ ಈ ಕತೆಯ ಅಂತ್ಯ ಊಹಿಸುವುದು ಕಷ್ಟವಲ್ಲ. ಯುದ್ಧ ಶುರುವಾಯಿತು, ಕಟ್ಟಿದವರಲ್ಲಿ ಒಬ್ಬರಿಗೂ ಆ ಯೋಜನೆಯಲ್ಲಿ ಕಾರು ಸಿಗಲಿಲ್ಲ. ಕಾರ್ಖಾನೆಯಿಂದ ಹೊರಬಂದದ್ದು ಅದೇ ಕಾರಿನ ಸೇನಾ ರೂಪಗಳು. ಉಳಿತಾಯ ಮಾಡಿದವರ ಕೋರ್ಟು ಕಚೇರಿ ಅಲೆದಾಟ 1961ರ ತನಕ ನಡೆದು, ಕೊನೆಗೆ ಹೊಸ ಕಾರಿನ ಮೇಲೆ ಒಂದಿಷ್ಟು ರಿಯಾಯಿತಿ ಅಥವಾ ಚಿಲ್ಲರೆ ಹಣಕ್ಕೆ ಮುಗಿಯಿತು.

ಇನ್ನೂ ಕೆಟ್ಟದ್ದು ಕಾರ್ಖಾನೆಯೊಳಗೆ ನಡೆಯಿತು. ಪೋರ್ಷೆ 1937ರಲ್ಲೇ ನಾಝಿ ಪಕ್ಷ ಸೇರಿದ್ದ, ಎಸ್‌ಎಸ್ ಸಂಘಟನೆಯ ಗೌರವ ಪದವಿಯೂ ಬಂತು. ಯುದ್ಧದ ವರ್ಷಗಳಲ್ಲಿ ಅವನೂ ಅಳಿಯನೂ ಮುಖ್ಯಸ್ಥರಲ್ಲಿದ್ದ ಆ ಕಾರ್ಖಾನೆಯಲ್ಲಿ ಸುಮಾರು 20,000 ಜನರನ್ನು ಬಲವಂತದಿಂದ ದುಡಿಸಿದರು: ಪೋಲೆಂಡ್, ಸೋವಿಯತ್ ದೇಶದಿಂದ ಹಿಡಿದು ತಂದವರು, ಯುದ್ಧಕೈದಿಗಳು, ಸೆರೆಶಿಬಿರದ ಕೈದಿಗಳು. 1942ರಲ್ಲಿ ಕಾರ್ಖಾನೆಯ ಎರಕದ ಮನೆ ಕಟ್ಟಿಸಲೆಂದೇ ಆರ್ಬೈಟ್ಸ್‌ಡಾರ್ಫ್ ಎಂಬ ಸೆರೆಶಿಬಿರ ತೆರೆದರು. ದುಡಿಯುತ್ತಿದ್ದ ಹೆಣ್ಣುಮಕ್ಕಳು ಹೆತ್ತ ಕೂಸುಗಳನ್ನು ಅವರಿಂದ ಕಿತ್ತು ರ್ಯೂಯೆನ್ ಎಂಬ ಹಳ್ಳಿಯ ಆಶ್ರಮದಲ್ಲಿಟ್ಟರು. ಅಲ್ಲಿ 300ಕ್ಕೂ ಹೆಚ್ಚು ಕೂಸುಗಳು ಆರೈಕೆಯಿಲ್ಲದೆ ಸತ್ತವು. ಕಾರ್ಖಾನೆಯ ವೈದ್ಯನಿಗೆ ಯುದ್ಧದ ನಂತರ ಗಲ್ಲಾಯಿತು. ಪೋರ್ಷೆಗೆ ರಾಜಕೀಯದಲ್ಲಿ ಆಸಕ್ತಿಯೇ ಇರಲಿಲ್ಲ, ಅವನಿಗೆ ಯಂತ್ರಗಳಷ್ಟೇ ಗೊತ್ತಿದ್ದದ್ದು ಅಂತ ಅವನ ಅಭಿಮಾನಿಗಳು ಬರೆಯುತ್ತಾರೆ. ನಮಗೆ ಇದು ಒಪ್ಪಿಗೆಯಿಲ್ಲ. ಒಂದು ನಟ್ಟು ಒಂದು ಮಿಲಿಮೀಟರು ಆಚೀಚೆಯಾದರೂ ಕಂಡುಹಿಡಿಯುತ್ತಿದ್ದ ಕಣ್ಣಿಗೆ ಅದೇ ಶೆಡ್ಡಿನಲ್ಲಿ ಹಸಿದು ನಿಂತ ಮನುಷ್ಯರು ಕಾಣಲಿಲ್ಲ ಅಂದರೆ ನಂಬುವುದು ಹೇಗೆ?

ಈ ನಡುವೆಯೂ ಅವನ ಹಳೆಯ ಹೈಬ್ರಿಡ್ ಬಿಟ್ಟಿರಲಿಲ್ಲ. ಸೈನ್ಯಕ್ಕೆ ಭಾರಿ ಟ್ಯಾಂಕ್ ಬೇಕಾದಾಗ ಪೋರ್ಷೆ ಕೊಟ್ಟ ವಿನ್ಯಾಸ ಮತ್ತೆ ಅದೇ: ಗಾಳಿಯಿಂದ ತಂಪಾಗುವ ಎರಡು ಪೆಟ್ರೋಲ್ ಎಂಜಿನ್, ಎರಡಕ್ಕೂ ಜನರೇಟರ್, ಪಟ್ಟಿ ತಿರುಗಿಸಲು ವಿದ್ಯುತ್ ಮೋಟರು. ಎದುರಾಳಿ ಹೆನ್ಶೆಲ್ ಕಂಪನಿಯದು ಸಾಮಾನ್ಯ ಗಿಯರಿನ ಟ್ಯಾಂಕ್. 1942ರ ಏಪ್ರಿಲ್ 20ರಂದು ಹಿಟ್ಲರನ ಎದುರು ಎರಡನ್ನೂ ತಂದು ನಿಲ್ಲಿಸಿದರು. ಪೋರ್ಷೆಯ ಎಂಜಿನ್ನುಗಳು ಪದೇ ಪದೇ ಕೆಡುತ್ತಿದ್ದವು, ಮೋಟರು ಜನರೇಟರುಗಳಿಗೆ ಬೇಕಾದ ತಾಮ್ರ ಯುದ್ಧಕಾಲದಲ್ಲಿ ದುರ್ಲಭ. ಆ ವರ್ಷ ನಡೆದ ಪರೀಕ್ಷೆಗಳ ನಂತರ ಆರ್ಡರ್ ಹೆನ್ಶೆಲ್‌ಗೆ ಹೋಯಿತು. ಆದರೆ ಗೆದ್ದೇ ಗೆಲ್ಲುತ್ತೇವೆಂಬ ನಂಬಿಕೆಯಲ್ಲಿ ಇತ್ತ ಸುಮಾರು 90 ಚಾಸಿಗಳ ಕೆಲಸ ಆಗಿಹೋಗಿತ್ತು! ಎಸೆಯುವ ಹಾಗಿಲ್ಲ. ಮೇಬಾಖ್ ಎಂಜಿನ್ ಹಾಕಿ, ದೊಡ್ಡ ಫಿರಂಗಿ ಕೂರಿಸಿ, 65 ಟನ್ನಿನ ಟ್ಯಾಂಕ್‌ನಾಶಕ ಮಾಡಿದರು. ಅದಕ್ಕಿಟ್ಟ ಹೆಸರು ಫರ್ಡಿನಾಂಡ್. 1943ರ ಜುಲೈನಲ್ಲಿ ಕುರ್ಸ್ಕ್ ಕದನದಲ್ಲಿ ಇಳಿದ ಈ ಗಾಡಿಗಳಲ್ಲಿ ಹಲವು ಸಿಡಿಗುಂಡಿನ ಮೇಲೆ ಹತ್ತಿಯೋ ಕೆಟ್ಟೋ ನಿಂತವು. 65 ಟನ್ನನ್ನು ಎಳೆದು ತರುವುದು ಯಾರಿಗೆ ಸಾಧ್ಯ? ಬಿಟ್ಟು ಬಂದರು. 1900ರಲ್ಲಿ ಕಾಡಿದ ಅದೇ ಭಾರ ಇಲ್ಲೂ ಕಾಡಿತು.

1945ರ ಡಿಸೆಂಬರಿನಲ್ಲಿ ಫ್ರಾನ್ಸಿನವರು ತಮ್ಮ ದೇಶಕ್ಕೂ ಇಂಥ ಜನರ ಕಾರು ಮಾಡಿಕೊಡಿ ಎಂದು ಮಾತಿಗೆ ಕರೆಸಿ, ಬಾಡನ್-ಬಾಡನ್‌ನಲ್ಲಿ ಅವನನ್ನು ಬಂಧಿಸಿದರು. ಮಗನನ್ನು ಬೇಗ ಬಿಟ್ಟರು. 70 ದಾಟಿದ ಅವನನ್ನೂ ಅಳಿಯನನ್ನೂ ಸುಮಾರು 20 ತಿಂಗಳು ಹಿಡಿದಿಟ್ಟರು, ಅದರಲ್ಲಿ ಹೆಚ್ಚು ಕಾಲ ದಿಜೋನ್ ಜೈಲಿನಲ್ಲಿ. ಹತ್ತು ಲಕ್ಷ ಫ್ರಾಂಕ್ ಜಾಮೀನು ಕಟ್ಟಲು ಮಗ ಫೆರಿ ಇಟಲಿಯವರಿಗೊಂದು ರೇಸ್ ಕಾರಿನ ವಿನ್ಯಾಸ ಮಾಡಿಕೊಟ್ಟ. 1947ರ ಆಗಸ್ಟ್‌ನಲ್ಲಿ ಹೊರಬಂದ ಮುದುಕನ ಆರೋಗ್ಯ ಕೆಟ್ಟಿತ್ತು. ಆಸ್ಟ್ರಿಯಾದ ಗ್ಮ್ಯುಂಡ್ ಎಂಬ ಹಳ್ಳಿಯಲ್ಲಿ ಮಗ ಮಾಡುತ್ತಿದ್ದ 356 ಕಾರನ್ನು ನೋಡಿದ. 1950ರಲ್ಲಿ ವೂಲ್ಫ್ಸ್‌ಬರ್ಗ್‌ಗೆ ಹೋದಾಗ ದಾರಿಯುದ್ದಕ್ಕೂ ಬೀಟಲ್ ಕಾರುಗಳನ್ನು ಕಂಡ. ಅದೇ ವರ್ಷದ ಕೊನೆಗೆ ಪಾರ್ಶ್ವವಾಯು ಹೊಡೆಯಿತು. 1951ರ ಜನವರಿ 30ರಂದು ಸ್ಟುಟ್‌ಗಾರ್ಟಿನಲ್ಲಿ ತೀರಿಕೊಂಡ. ಸಮಾಧಿ ಇರುವುದು ಆಸ್ಟ್ರಿಯಾದ ಝೆಲ್ ಆಮ್ ಝೇಯಲ್ಲಿ.

ಆ ಹೊತ್ತಿಗೆ ಅವನ ಹೈಬ್ರಿಡ್ ಬಹುತೇಕ ಮರೆತುಹೋಗಿತ್ತು. 1997ರಲ್ಲಿ ಜಪಾನಿನಲ್ಲಿ ಪ್ರಿಯಸ್ ಬಂದು, ಹೈಬ್ರಿಡ್ ಎಂಬುದು ಮಾತಾದ ಮೇಲೆ ಜನ ಹಳೆಯ ಕಾಗದ ಹುಡುಕಿದರು. ಪೋರ್ಷೆ ಕಂಪನಿ ಕೆಲವೇ ಹಳೆಯ ಫೋಟೋ, ನಕ್ಷೆ ಇಟ್ಟುಕೊಂಡು ಸೆಂಪರ್ ವೀವಸ್ಸನ್ನು ಮತ್ತೆ ಕಟ್ಟಿಸಿತು. ಗೊತ್ತಿಲ್ಲದ ಭಾಗಗಳನ್ನೆಲ್ಲ ಲೆಕ್ಕ ಹಾಕಿ, ಮಾಡಿ, ಓಡಿಸಿ ನೋಡಿಯೇ ತಿಳಿಯಬೇಕಾಯಿತು. 2011ರ ಜಿನೀವಾ ಮೇಳದಲ್ಲಿ ಅದನ್ನು ತಂದಿಟ್ಟರು. ಬರೀ ನೋಡಲಿಕ್ಕಿಟ್ಟ ಗೊಂಬೆಯಲ್ಲ ಅದು. ಎಂಜಿನ್ ಎರಡೂ ಏಳುತ್ತವೆ, ಡೈನಮೋ ತಿರುಗುತ್ತದೆ, ಮುಂದಿನ ಎರಡು ಚಕ್ರಗಳು ಕರೆಂಟಿನಲ್ಲಿ ಓಡುತ್ತವೆ.